ಶಾಲೆಗೆ ಕಂಪ್ಯೂಟರ್ ಕೊಳ್ಳುವ ಮುನ್ನ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ದಾನಿಗಳ ನೆರವಿನಿಂದ ಶಾಲೆಗೆ ಕಂಪ್ಯೂಟರ್ ಕೊಳ್ಳಲು ಹೊರಡುವ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು, ಹೊಸ ಯಂತ್ರಗಳ ದರಪಟ್ಟಿ ತರಿಸುವುದಕ್ಕೆ ಮೊದಲು ಹಳೆಯವುಗಳತ್ತ ಕಣ್ಣು ಹಾಯಿಸುವುದು ಲೇಸು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11ಕ್ಕೆ ಒಗ್ಗದಿದ್ದರೂ ಗಟ್ಟಿಮುಟ್ಟಾಗಿರುವ ಯಂತ್ರಗಳಿಗೆ ಲಿನಕ್ಸ್ ಅಳವಡಿಸಿದರೆ ಅವು ತರಗತಿಗೆ ಧಾರಾಳವಾಗಿ ಸಾಕಾಗುತ್ತವೆ. ಲಿನಕ್ಸ್ ಒಂದು ಮುಕ್ತ ತಂತ್ರಾಂಶ. ಎಂದರೆ ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದದ್ದು. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಕನ್ನಡ ಟೈಪಿಂಗಿನ ಸೌಲಭ್ಯವೂ ಉಂಟು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ನಿಧಾನಗತಿಯ ದೂರು ಬಹುಮಟ್ಟಿಗೆ ತೀರುತ್ತದೆ.

ಪ್ರತಿ ವಿದ್ಯಾರ್ಥಿಗೂ ಕಂಪ್ಯೂಟರ್ ಎಂದರೆ ತಲೆಗೊಂದು ಯಂತ್ರ ಎಂದೇ ಅರ್ಥವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳೊಡನೆ ರೂಪಿಸಿ 2001ರಲ್ಲಿ ಪ್ರದರ್ಶಿಸಿದ ಸಿಂಪ್ಯೂಟರ್ ಎಂಬ ಅಂಗೈ ಯಂತ್ರವು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಆದರೆ ಪ್ರತಿಯೊಬ್ಬರ ಮಾಹಿತಿಯನ್ನು ಅವರವರ ಸ್ಮಾರ್ಟ್‌ಕಾರ್ಡಿನಲ್ಲಿಟ್ಟು ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದೆಂಬ ಅದರ ಕಲ್ಪನೆ ಇಂದಿಗೂ ಉಪಯುಕ್ತ. ಶಾಲೆಯಲ್ಲಿ ಪ್ರತಿ ಮಗುವಿಗೂ ಪ್ರತ್ಯೇಕ ಲಾಗಿನ್ ತೆರೆದು, ಕಡತಗಳನ್ನು ಸರ್ವರ್ ಎಂಬ ಒಂದು ಕೇಂದ್ರಯಂತ್ರದಲ್ಲಿ ಉಳಿಸಿದರೆ ಅದೇ ಕೆಲಸ ಸಾಧ್ಯ.

ಹೀಗೆ ಉಳಿದ ಹಣವನ್ನು ಮೊದಲು ಅರ್ಥಿಂಗ್ ಮತ್ತು ಯುಪಿಎಸ್‌ಗೆ ವಿನಿಯೋಗಿಸಬೇಕು. ದಾನಿಗಳ ಫಲಕದ ಮೇಲೆ ಇವು ಕಾಣಿಸುವುದು ಅಪರೂಪ. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಕೋಣೆಯೊಳಗೆ ಚಾರ್ಜಿಲ್ಲದೆ ಬಿದ್ದ ಯುಪಿಎಸ್ ಬ್ಯಾಟರಿ ಕೆಡುವುದರಿಂದ, ಅದನ್ನು ಆಗಾಗ ಚಾರ್ಜ್ ಮಾಡುವ ಹೊಣೆಯನ್ನು ಒಬ್ಬರಿಗೆ ಲಿಖಿತವಾಗಿ ವಹಿಸಬೇಕು.