ರೇಡಿಯೋ ಕೇಳುವಾಗ ಕೈಯಲ್ಲೊಂದು ಪೆನ್ಸಿಲು



ಕೆಲವು ವರ್ಷಗಳ ಹಿಂದೆ ಬಾನುಲಿಯಲ್ಲಿ ಭತ್ತದ ಗೊಬ್ಬರ ಕುರಿತು ಮಾತನಾಡಿದ್ದೆ. ಹೆಕ್ಟೇರಿಗೆ 100 ಕಿಲೋ ಸಾರಜನಕ ಎಂದು ಬರೆದುಕೊಂಡಿದ್ದುದನ್ನು ಹಾಗೆಯೇ ಓದಿ ಮುಗಿಸಿದೆ. ಆ ಬೆಳೆ ಮುಗಿಯುವ ಹೊತ್ತಿಗೆ ನಿಲಯಕ್ಕೆ ಒಂದು ಕಾರ್ಡು ಬಂತು. ಅದನ್ನು ಬರೆದ ರೈತರು ಆ ಅಳತೆಯನ್ನು ಎಕರೆಗೆಂದು ತಿಳಿದು 217 ಕಿಲೋ ಯೂರಿಯಾ ಹಾಕಿದ್ದರು. ಎಕರೆಗೆ ಬೇಕಿದ್ದುದು 87 ಕಿಲೋ. ಪೈರು ಕಡು ಹಸಿರಾಗಿ ಸೊಕ್ಕಿ, ಬೆಂಕಿ ರೋಗ ತಗುಲಿ, ತೆನೆ ತುಂಬುವ ಮೊದಲೇ ಮಲಗಿತ್ತು. ತಪ್ಪು ನನ್ನದು. ಹೆಕ್ಟೇರು ನಮ್ಮ ಕಚೇರಿಯ ಅಳತೆ. ಗದ್ದೆಯ ಬದುವಿನ ಮೇಲೆ ನಿಂತವರ ಲೆಕ್ಕ ಎಕರೆ, ಗುಂಟೆ. ಮುಂದಿನ ಪ್ರಸಾರದಲ್ಲಿ ಮೊದಲು ಅದನ್ನೇ ತಿದ್ದಿ ಹೇಳಿದೆ. ಆ ರೈತರ ನಷ್ಟ ಮಾತ್ರ ಅದರಿಂದ ತುಂಬಲಿಲ್ಲ.

ಕಾರ್ಡು ಬಾರದಿದ್ದರೆ ನನಗೆ ಇದು ತಿಳಿಯುತ್ತಲೇ ಇರಲಿಲ್ಲ. ಹೇಳುವವರಿಗೂ ಕೇಳುವವರಿಗೂ ನಡುವೆ ದೂರ ಕಡಿಮೆ ಇರುವುದೇ ಹತ್ತಿರದ ನಿಲಯದ ಗುಣ.

ಮೈಸೂರಿನ ನಿಲಯ ಹುಟ್ಟಿದ್ದು ಒಂದು ಮನೆಯಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ 30 ವ್ಯಾಟ್, ಹಳೆಯ ಕಾಲದ 40 ವ್ಯಾಟ್ ಬಲ್ಬಿಗಿಂತಲೂ ಕಡಿಮೆ! ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಅಖಿಲ ಭಾರತ ರೇಡಿಯೋ ತನಗೂ ಇಟ್ಟುಕೊಂಡಿತು. 1942ರಲ್ಲಿ ಮೈಸೂರು ಸಂಸ್ಥಾನ ಈ ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರಕ್ಕೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋದ ನಿಲಯ ಮೈಸೂರಿಗೆ ಮತ್ತೆ ದೊರೆತದ್ದು 1974ರಲ್ಲಿ.

ನಡುವಿನ ಆ ವರ್ಷಗಳಲ್ಲಿ ನಮ್ಮ ಸೀಮೆಗೆ ಏನು ನಷ್ಟವಾಯಿತೆಂದು ನೀವೇ ಊಹಿಸಿ. ಹೆಗ್ಗಡದೇವನಕೋಟೆಯವರು ಮುಂಗಾರಿಗೆ ಮುಂಚಿನ ಮಳೆಗೇ ಹತ್ತಿ ಬಿತ್ತುತ್ತಾರೆ. ಹುಣಸೂರು, ಪಿರಿಯಾಪಟ್ಟಣದವರಿಗೆ ಹೊಗೆಸೊಪ್ಪಿನ ಚಿಂತೆ. ನಂಜನಗೂಡು, ತಿರುಮಕೂಡಲು ನರಸೀಪುರದ ನಾಲೆ ಬಯಲಿನವರು ನೀರು ಬಿಡುವ ದಿನ ನೋಡಿ ಸಸಿಮಡಿ ಹಾಕುತ್ತಾರೆ. ರಾಜಧಾನಿಯಲ್ಲಿ ಕುಳಿತು ಆಡಿದ ಒಂದೇ ಮಾತು ಇವರೆಲ್ಲರಿಗೂ ಹೊಂದುವುದು ಹೇಗೆ?

ರೇಡಿಯೋದ ಮಾತು ರೈತರಿಗೆ ನಾಟುತ್ತದೆ, ಅನುಮಾನವಿಲ್ಲ. 1960ರ ದಶಕದಲ್ಲಿ ಎ.ಡಿ.ಟಿ. 27 ಎಂಬ ಭತ್ತದ ತಳಿಯನ್ನು ಬಾನುಲಿಯಿಂದ ತಿಳಿದ ತಂಜಾವೂರಿನ ರೈತರು ಅದನ್ನು ‘ರೇಡಿಯೋ ಭತ್ತ’ ಎಂದೇ ಕರೆದರು. ಆದರೆ ಹೀಗೆ ನಾಟುವ ಮಾತಿನಲ್ಲಿ ಒಂದು ಅಂಕಿ ತಪ್ಪಿದರೂ ನಷ್ಟ ಗದ್ದೆಗೆ. ಈ ಮಾತಿಗೆ ತಿರುವಿ ಓದಲು ಪುಟವೂ ಇಲ್ಲ. ಆದ್ದರಿಂದ ಕೃಷಿ ಕಾರ್ಯಕ್ರಮದ ಹೊತ್ತಿಗೆ ಪೆನ್ಸಿಲು, ಹಾಳೆ ಹತ್ತಿರವಿರಲಿ. ಮೊದಲು ಬರೆದುಕೊಳ್ಳಬೇಕಾದ್ದು ಅಳತೆ: ಎಕರೆಗೋ, ಹೆಕ್ಟೇರಿಗೋ? ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಹೇಳಿದ್ದು ಸಾರಜನಕದ ತೂಕವೋ, ಯೂರಿಯಾದ್ದೋ? 100 ಕಿಲೋ ಯೂರಿಯಾದಲ್ಲಿ ಇರುವ ಸಾರಜನಕ 46 ಕಿಲೋ ಮಾತ್ರ. ಔಷಧಿಯಾದರೆ ಲೀಟರು ನೀರಿಗೆ ಎಷ್ಟು ಎಂಬುದರ ಜೊತೆಗೆ, ಎಕರೆಗೆ ಎಷ್ಟು ಲೀಟರು ದ್ರಾವಣ ಎಂಬುದನ್ನೂ ಬರೆಯಿರಿ. ಒಂದು ಅಂಕಿ ಸರಿಯಾಗಿ ಕೇಳಿಸದಿದ್ದರೂ ಅಂದೇ ಗೊಬ್ಬರದ ಚೀಲ ಬಿಚ್ಚಬೇಡಿ. ನಿಲಯವನ್ನೋ ರೈತ ಸಂಪರ್ಕ ಕೇಂದ್ರವನ್ನೋ ಕೇಳಿ.

ಕೇಳುವಾಗ “ಭತ್ತಕ್ಕೆ ರೋಗ ಬಂದಿದೆ, ಪರಿಹಾರ ತಿಳಿಸಿ” ಎಂದಷ್ಟೇ ಬರೆದರೆ ಉತ್ತರಿಸುವವರು ಕತ್ತಲಲ್ಲಿ ತಡಕಬೇಕಾಗುತ್ತದೆ. ತಾಲ್ಲೂಕು, ಮಣ್ಣು, ತಳಿ, ನಾಟಿ ಮಾಡಿದ ದಿನ, ಈವರೆಗೆ ಹಾಕಿದ ಗೊಬ್ಬರ, ಎಲೆಯ ಮೇಲಿನ ಚುಕ್ಕೆಯ ಆಕಾರ, ಬಣ್ಣ ಇವಿಷ್ಟನ್ನೂ ಬರೆಯಿರಿ. ಒಂದು ಕಾರ್ಡಿನಲ್ಲಿ ಹಿಡಿಸುತ್ತದೆ.