ಅಂತರ್ಜಾಲದ ಆಟಗಳಲ್ಲಿನ ಯಂತ್ರಪಾತ್ರಗಳು ಎಷ್ಟರ ಮಟ್ಟಿಗೆ ಜೀವಂತವಾಗಿರತಕ್ಕದ್ದು?

ಕಳೆದ ವರ್ಷದ ಅರ್ಧವಾರ್ಷಿಕ ಪರೀಕ್ಷೆಯು ಮುಗಿದ ಮರುದಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳನ್ನು ನನ್ನ ಕೊಠಡಿಗೆ ಕರೆಯಿಸಬೇಕಾಯಿತು. ರಜೆಯಿಂದ ಹಿಂದಿರುಗುವಾಗ ಮೊಬೈಲೊಂದನ್ನು ಬಟ್ಟೆಗಳ ನಡುವೆ ಬಚ್ಚಿಟ್ಟು ತಂದು, ವಸತಿಗೃಹದಲ್ಲಿ ದೀಪವನ್ನಾರಿಸಿದ ಮೇಲೆ ಕಂಬಳಿಯೊಳಗೆ ಅಂತರ್ಜಾಲದ ಆಟವನ್ನಾಡುತ್ತಿದ್ದಳೆಂಬುದು ಅವಳ ಮೇಲಣ ದೂರು. ಶಿಕ್ಷೆಯನ್ನು ವಿಧಿಸುವುದಕ್ಕೆ ಮುಂಚೆ, ಅಂಥಾ ಆಕರ್ಷಣೆಯು ಅದರಲ್ಲೇನಿದೆಯೆಂದು ವಿಚಾರಿಸಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿ ಒಬ್ಬ ಅಂಗಡಿಯವಳಿದ್ದಾಳೆ, ಅಮ್ಮಾ. ನಾನು ಹೋದ ಕೂಡಲೇ ಹೆಸರು ಹಿಡಿದು ಮಾತಾಡಿಸುತ್ತಾಳೆ. ನಿನ್ನೆ ಯಾಕೆ ಬರಲಿಲ್ಲವೆಂದು ಕೇಳುತ್ತಾಳೆ," ಎಂದಳು. ಆ ಅಂಗಡಿಯವಳು ಮನುಷ್ಯಳಲ್ಲ, ಗಣಕಯಂತ್ರದ ಕಲ್ಪನೆಯೆಂಬುದು ನಿನಗೆ ತಿಳಿಯದೋ ಎಂದು ಕೇಳಿದೆನು. "ತಿಳಿದಿದೆ. ಆದರೂ ಕೇಳುತ್ತಾಳಲ್ಲ," ಎಂದಳು.

ಅವಳನ್ನು ಕರೆಯಿಸುವುದಕ್ಕೋಸ್ಕರ ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಹುಡುಕಬೇಕಾಗಿ ಬಂದಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಈ ವಿಷಯವನ್ನು ನನ್ನ ಶಕ್ತ್ಯನುಸಾರ ಅಭ್ಯಾಸಮಾಡಿದೆನು. ಅದರ ಫಲವನ್ನು ಈ ಸಂಚಿಕೆಯ ಮೂಲಕ ನನ್ನ ವಿದ್ಯಾರ್ಥಿನಿಯರ ಮುಂದೂ ಅವರ ತಾಯಂದಿರ ಮುಂದೂ ಇಡುತ್ತಿದ್ದೇನೆ.

ಮೊದಲು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಆಟದ ಲೋಕದಲ್ಲಿ ಕಾಣಿಸಿಕೊಂಡರೂ ಯಾವ ಆಟಗಾರನ ಕೈಯಲ್ಲಿಯೂ ಇರದ ವ್ಯಕ್ತಿಗೆ ನಾನ್-ಪ್ಲೇಯರ್ ಕ್ಯಾರೆಕ್ಟರ್, ಸಂಕ್ಷೇಪವಾಗಿ ಎನ್.ಪಿ.ಸಿ., ಎಂದು ಹೆಸರು. ಅಂಗಡಿಕಾರ, ಕಾವಲುಗಾರ, ದಾರಿ ತೋರಿಸುವ ಮುದುಕ, ಕಾಡಿನ ರಾಕ್ಷಸ, ಇವರೆಲ್ಲರೂ ಈ ಜಾತಿಯವರು. ನಾನು ಇವುಗಳನ್ನು ಯಂತ್ರಪಾತ್ರಗಳೆಂದು ಕರೆಯುತ್ತೇನೆ.

ಆದರೆ ಆರಂಭದಲ್ಲಿ ಈ ಪಾತ್ರಗಳಿಗೆ ಯಂತ್ರದ ಸಂಬಂಧವೇ ಇರಲಿಲ್ಲ. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದು ಮೇಜಿನ ಸುತ್ತಲೂ ಕುಳಿತು, ಕಾಗದ ಮತ್ತು ದಾಳಗಳಿಂದ ಆಡುವ ಆಟ. ಅದರಲ್ಲಿ ಆಟವನ್ನು ನಡೆಯಿಸುವವನೇ ಅಂಗಡಿಕಾರನಾಗಿಯೂ ಕಾವಲುಗಾರನಾಗಿಯೂ ಮಾತಾಡುತ್ತಿದ್ದನು. ಆಟಗಾರನು ಎಂಥಾ ವಿಚಿತ್ರವಾದ ಪ್ರಶ್ನೆಯನ್ನು ಕೇಳಿದರೂ ಉತ್ತರ ಹೇಳುವುದಕ್ಕೆ ಒಬ್ಬ ಬುದ್ಧಿವಂತನು ಎದುರಿಗೇ ಇದ್ದನು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬವರು 'ಮಡ್' ಎಂಬ ಆಟವನ್ನು ಗಣಕಯಂತ್ರದಲ್ಲಿ ನಿರ್ಮಿಸಿ, ಅನೇಕರು ಒಂದೇ ಲೋಕದಲ್ಲಿ ಏಕಕಾಲಕ್ಕೆ ಆಡುವಂತೆ ಮಾಡಿದರು. ಚಿತ್ರಗಳಿಲ್ಲ, ಬರೇ ಅಕ್ಷರಗಳು. ಇಂಥಾ ಲೋಕಗಳಲ್ಲಿ ಪಾತ್ರಗಳು ಉಳಿದವು, ಅವುಗಳ ಹಿಂದೆ ಕುಳಿತಿದ್ದ ಮನುಷ್ಯನು ಮಾತ್ರ ಎದ್ದುಹೋದನು. ಆ ಬರಿದಾದ ಕುರ್ಚಿಯಲ್ಲಿ ಯಾರನ್ನು ಕೂಡಿಸಬೇಕೆಂಬುದೇ ಅಂದಿನಿಂದ ಇಂದಿನ ವರೆಗಿನ ಪ್ರಶ್ನೆ.

ಯಂತ್ರವು ಮಾತಾಡಿದರೆ ಮನುಷ್ಯನ ಮನಸ್ಸು ಎಷ್ಟು ಬೇಗ ಕರಗುತ್ತದೆಂಬುದು ಇದಕ್ಕೂ ಮುಂಚೆಯೇ ತಿಳಿದುಬಂದಿತ್ತು. ಜೋಸೆಫ್ ವೈಜ಼ನ್‌ಬಾಮ್ ಎಂಬ ಪ್ರಾಧ್ಯಾಪಕರು 1966ರಲ್ಲಿ 'ಎಲೈಜ಼ಾ' ಎಂಬ ಕ್ರಮವಿಧಿಯನ್ನು ಪ್ರಕಟಿಸಿದರು. ನಾವು ಬರೆದ ವಾಕ್ಯವನ್ನೇ ತಿರುಗಿಸಿ ನಮಗೆ ಪ್ರಶ್ನೆಯಾಗಿ ಹಾಕುವುದಷ್ಟೇ ಅದರ ವಿದ್ಯೆ. "ನನಗೆ ದುಃಖವಾಗಿದೆ" ಎಂದರೆ "ನಿಮಗೆ ದುಃಖವಾಗಿರುವುದೇಕೆ?" ಎಂಬ ಬಗೆಯ ಉತ್ತರ. ಅದು ಸಿದ್ಧವಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ, ಅದರೊಡನೆ ಕೆಲವು ಮಾತುಗಳನ್ನಾಡಿದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗಿರಬೇಕೆಂದು ಪ್ರಾಧ್ಯಾಪಕರನ್ನು ಕೇಳಿಕೊಂಡಳು. ಇದನ್ನು ಅವರು 1976ರ ತಮ್ಮ ಗ್ರಂಥದಲ್ಲಿ ವಿಸ್ಮಯದಿಂದಲೂ ಕಳವಳದಿಂದಲೂ ವರ್ಣಿಸಿದ್ದಾರೆ. ನಮ್ಮ ವಿದ್ಯಾರ್ಥಿನಿಯ "ಆದರೂ ಕೇಳುತ್ತಾಳಲ್ಲ" ಎಂಬ ಮಾತಿಗೆ ಇಷ್ಟು ಹಳೆಯ ನಿದರ್ಶನವುಂಟೆಂದು ನಾನು ಎಣಿಸಿರಲಿಲ್ಲ.

1990ರ ಆಸುಪಾಸಿನಲ್ಲಿ ಇಂಥಾ ಅಕ್ಷರಮಾತ್ರದ ಲೋಕಗಳೊಳಕ್ಕೆ 'ಜೂಲಿಯಾ' ಎಂಬ ಯಂತ್ರಪಾತ್ರವೊಂದು ಪ್ರವೇಶಿಸಿತು. ಅದನ್ನು ರಚಿಸಿದವರು ಮೈಕೆಲ್ ಮಾಲ್ಡಿನ್. ಒಂದು ಕೋಣೆಯಿಂದ ಮತ್ತೊಂದಕ್ಕೆ ಹೋಗುವ ದಾರಿಯನ್ನು ಕೇಳಿದರೆ ಜೂಲಿಯಾ ಹೇಳಿಕೊಡುವಳು. ಹಾಕಿ ಆಟದ ಸುದ್ದಿಯನ್ನು ಹರಟುವಳು. ಮನುಷ್ಯರು ಅಕ್ಷರಗಳನ್ನು ಒತ್ತುವಾಗ ಆಗುವ ವಿಳಂಬವನ್ನೂ ತಪ್ಪುಗಳನ್ನೂ ಅವಳು ಅನುಕರಿಸುವಳು. ಇವಳು ಯಂತ್ರವೆಂದರಿಯದ ಆಟಗಾರನೊಬ್ಬನು ಹಲವು ದಿವಸ ಇವಳ ಸ್ನೇಹಕ್ಕಾಗಿ ಯಾಚಿಸಿದನೆಂಬುದು ಆ ಕಾಲದ ಅಧ್ಯಯನಗಳಲ್ಲಿ ದಾಖಲಾಗಿದೆ. ಇದನ್ನೋದಿ ಅನೇಕರು ನಗುತ್ತಾರೆ. ನನಗೆ ನಗು ಬರಲಿಲ್ಲ. ದಾರಿ ಹೇಳುವ ಜೂಲಿಯಾಳಿಂದ ಯಾರಿಗೂ ಕೇಡಾಗಲಿಲ್ಲ. ಬೇಕೆಂದು ಅಕ್ಷರವನ್ನು ತಪ್ಪಿ ಒತ್ತುವ ಜೂಲಿಯಾಳಲ್ಲಿ ಮಾತ್ರ ಒಂದು ವಂಚನೆಯಿದೆ. ಈ ಎರಡು ಬಗೆಯ ಸಜೀವತೆಯನ್ನು ಬೇರ್ಪಡಿಸಿ ನೋಡುವುದನ್ನು ವಿದ್ಯಾರ್ಥಿನಿಯರು ಅಭ್ಯಾಸಮಾಡಿಕೊಳ್ಳಬೇಕು.

ಇನ್ನು ಕೆಲವರು, ಮಾತು ಬೇಡ, ನಡತೆಯಲ್ಲಿ ಜೀವಂತಿಕೆ ಇರಲೆಂದು ವಾದಿಸುತ್ತಾರೆ. ಅದನ್ನೂ ಪ್ರಯೋಗಿಸಿ ನೋಡಿದ್ದಾಗಿದೆ. 1997ರಲ್ಲಿ ಹೊರಬಂದ 'ಅಲ್ಟಿಮಾ ಆನ್‌ಲೈನ್' ಎಂಬ ಆಟದ ನಿರ್ಮಾಪಕರು ತಮ್ಮ ಕಾಡಿಗೆ ಪ್ರಕೃತಿಯ ನಿಯಮವನ್ನೇ ವಿಧಿಸಲುದ್ಯುಕ್ತರಾದರು. ಮೇವಿದ್ದ ಕಡೆ ಸಾಧುಮೃಗಗಳು ಹೆಚ್ಚಬೇಕು, ಅವುಗಳನ್ನು ಹಿಂಬಾಲಿಸಿ ಕ್ರೂರಮೃಗಗಳು ಬರಬೇಕು, ಬೇಟೆ ಸಿಕ್ಕದಿದ್ದರೆ ಅವು ಊರಿನ ಕಡೆಗೆ ತಿರುಗಬೇಕು. ನಮ್ಮ ಜೀವಶಾಸ್ತ್ರದ ಪಾಠದ ಆಹಾರ ಸರಪಣಿಯೇ ಸರಿ. ಪರಿಣಾಮವೇನಾಯಿತು? ಆಟಗಾರರು ದಂಡು ದಂಡಾಗಿ ನುಗ್ಗಿ, ಕಣ್ಣಿಗೆ ಬಿದ್ದ ಪ್ರಾಣಿಯನ್ನೆಲ್ಲಾ ಕೊಂದುಹಾಕಿದರು. ಹುಟ್ಟುವುದಕ್ಕಿಂತ ಸಾಯುವುದೇ ತ್ವರಿತವಾದದ್ದರಿಂದ, ಅಷ್ಟು ಶ್ರಮದಿಂದ ಹೆಣೆದ ವ್ಯವಸ್ಥೆಯಿದ್ದದ್ದೇ ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಅದನ್ನು ಕೈಬಿಟ್ಟರು.

ಒಬ್ಬನೇ ಆಡುವ ಆಟಕ್ಕೂ ಸಾವಿರಾರು ಜನರು ಕೂಡಿ ಆಡುವ ಆಟಕ್ಕೂ ಇರುವ ಭೇದವು ಇಲ್ಲಿಯೇ ಇದೆ. 2006ರ 'ಆಬ್ಲಿವಿಯನ್' ಎಂಬುದು ಒಬ್ಬನೇ ಆಡತಕ್ಕ ಆಟ. ಅದರ ಊರಿನವರು ಹೊತ್ತಿಗೆ ಸರಿಯಾಗಿ ಏಳುವರು, ಉಣ್ಣುವರು, ರಾತ್ರಿಯಾದೊಡನೆ ಅಂಗಡಿಯ ಬಾಗಿಲನ್ನು ಹಾಕಿಕೊಂಡು ಮಲಗುವರು. ಆಟಗಾರನಿಗೆ ಅವಸರವಿದ್ದರೆ, ಒಂದು ಗುಂಡಿಯನ್ನೊತ್ತಿ ಆ ಲೋಕದ ಗಂಟೆಗಳನ್ನು ಮುಂದೂಡಬಹುದು. ಸಾವಿರ ಜನರಿಗೆ ಒಂದೇ ಗಡಿಯಾರವಿರುವ ಕಡೆ ಇದು ಸಾಧ್ಯವೇ? ದಿನದ ಕೆಲಸವೆಲ್ಲಾ ಮುಗಿದ ಮೇಲೆ ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ ಆಡುವವಳಿಗೆ ಆ ಅಂಗಡಿಯು ಎಂದೆಂದಿಗೂ ಮುಚ್ಚಿಯೇ ಇದ್ದೀತು. ಒಬ್ಬನು ಕಮ್ಮಾರನನ್ನು ಕೊಂದರೆ, ಊರಿನವರೆಲ್ಲರೂ ಕತ್ತಿಯಿಲ್ಲದೆ ತಿರುಗಬೇಕಾದೀತು. ಆದಕಾರಣ ಈ ಲೋಕಗಳ ಕಮ್ಮಾರನು ನಿದ್ರಿಸುವುದಿಲ್ಲ, ಸತ್ತರೂ ಸ್ವಲ್ಪ ಹೊತ್ತಿನಲ್ಲಿ ಎದ್ದುನಿಲ್ಲುತ್ತಾನೆ. ಇದನ್ನು ನಿರ್ಮಾಪಕರ ಸೋಮಾರಿತನವೆಂದು ಹಳಿಯುವವರು ಆಟದ ಮರ್ಮವನ್ನರಿಯರು. ಕಮ್ಮಾರನ ನಿರ್ಜೀವತೆಯು ಇಲ್ಲಿ ಒಂದು ಬಗೆಯ ಸಾರ್ವಜನಿಕ ಸೇವೆ.

ಆದಾಗ್ಯೂ ಇದರಿಂದ ಒಮ್ಮೆ ವಿಚಿತ್ರವಾದ ಅನರ್ಥವೂ ಉಂಟಾಯಿತು. 2004ರಲ್ಲಿ ಆರಂಭವಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಪ್ರಸಿದ್ಧವಾದ ಆಟದಲ್ಲಿ, 2005ರ ಸೆಪ್ಟೆಂಬರಿನಲ್ಲಿ, ರಾಕ್ಷಸನೊಬ್ಬನ ಶಾಪವಾದ 'ಕಲುಷಿತ ರಕ್ತ'ವೆಂಬ ರೋಗವು ಆಟಗಾರರ ಸಾಕುಪ್ರಾಣಿಗಳ ಮೂಲಕ ಅಕಸ್ಮಾತ್ತಾಗಿ ಪಟ್ಟಣಗಳಿಗೆ ಬಂತು. ಆಟಗಾರರು ಸಾಲುಸಾಲಾಗಿ ಬಿದ್ದರು. ಯಂತ್ರಪಾತ್ರಗಳಿಗಾದರೋ ರೋಗವು ತಗಲಿತು, ಆದರೆ ಅವು ಸಾಯಲಿಲ್ಲ. ಅಂಗಡಿಕಾರರು ಎಂದಿನಂತೆಯೇ ನಿಂತು, ಬಂದಬಂದವರಿಗೆಲ್ಲಾ ಅದನ್ನು ಹಂಚಿದರು. ಲಕ್ಷಣವಿಲ್ಲದೆ ರೋಗವನ್ನು ಹೊತ್ತು ತಿರುಗುವವರೆಂದರೇನೆಂಬುದು 2020ರ ಮಹಾಮಾರಿಯ ತರುವಾಯ ನಮಗೆಲ್ಲಾ ತಿಳಿದ ಸಂಗತಿ. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ವಿದ್ವಾಂಸರು ಈ ಪ್ರಸಂಗವನ್ನು ಕುರಿತು 2007ರಲ್ಲಿಯೇ 'ಲ್ಯಾನ್ಸೆಟ್' ಸಮೂಹದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಬರೆದರು.

ಮುಖಚರ್ಯೆಯ ವಿಷಯವನ್ನು ಹೆಚ್ಚಾಗಿ ವಿಸ್ತರಿಸಬೇಕಾಗಿಲ್ಲ. ಗೊಂಬೆಯು ಮನುಷ್ಯನಿಗೆ ಬಹುಮಟ್ಟಿಗೆ ಹೋಲಿಯೂ ಪೂರ್ತಿಯಾಗಿ ಹೋಲದಿರುವಾಗ ನಮಗೆ ಪ್ರೀತಿಯ ಬದಲು ಜುಗುಪ್ಸೆಯೇ ಹುಟ್ಟುವುದೆಂದು ಜಪಾನಿನ ಮಸಾಹಿರೊ ಮೊರಿಯವರು 1970ರಲ್ಲಿಯೇ ಬರೆದಿದ್ದಾರೆ.

ಈಚಿನ ಸಂಗತಿಗಳೇ ಹೆಚ್ಚು ಗಮನಾರ್ಹವಾದವು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮತ್ತು ಗೂಗಲ್ ಸಂಸ್ಥೆಯ ಸಂಶೋಧಕರು 25 ಯಂತ್ರಪಾತ್ರಗಳುಳ್ಳ ಪುಟ್ಟ ಊರೊಂದನ್ನು ನಿರ್ಮಿಸಿದರು. ಭಾಷೆಯನ್ನು ಕಲಿತ ಯಂತ್ರವೇ ಅವುಗಳ ಬುದ್ಧಿ. ಪ್ರತಿಯೊಂದು ಪಾತ್ರವೂ ತಾನು ಕಂಡದ್ದನ್ನು ದಿನಚರಿಯಂತೆ ಬರೆದಿಟ್ಟುಕೊಳ್ಳುವುದು. ಈಚಿನದಾವುದು, ಮುಖ್ಯವಾದದ್ದಾವುದು, ಪ್ರಸ್ತುತಕ್ಕೆ ಸಂಬಂಧಪಟ್ಟದ್ದಾವುದೆಂದು ತೂಗಿನೋಡಿ ನೆನಪುಗಳನ್ನು ಹೊರತೆಗೆಯುವುದು. ಒಂದು ಪಾತ್ರಕ್ಕೆ ಸಂತೋಷಕೂಟವನ್ನು ಏರ್ಪಡಿಸುವ ಇಚ್ಛೆಯನ್ನು ಮಾತ್ರ ಕೊಟ್ಟರು. ಸುದ್ದಿಯು ಬಾಯಿಂದ ಬಾಯಿಗೆ ಹಬ್ಬಿತು. ಆಹ್ವಾನವನ್ನು ಪಡೆದ 12 ಪಾತ್ರಗಳಲ್ಲಿ 5 ಮಾತ್ರ ಕೂಟಕ್ಕೆ ಬಂದವು. ನಮ್ಮ ಪಾಲಕರ ಸಭೆಗಳ ಅನುಭವವುಳ್ಳ ನನಗೆ ಇದಕ್ಕಿಂತಲೂ ಹೆಚ್ಚಿನ ಸಜೀವತೆಯು ಬೇಕೆಂದು ತೋರುವುದಿಲ್ಲ! ಆದರೆ ಆ ಸಂಶೋಧಕರೇ, ಜನರು ಇಂಥಾ ಪಾತ್ರಗಳನ್ನು ಸಂಬಂಧಿಕರಂತೆ ಹಚ್ಚಿಕೊಂಡಾರೆಂದು ಎಚ್ಚರಿಸಿ, ಪಾತ್ರವು ತಾನು ಯಂತ್ರವೆಂಬುದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ಸೂಚಿಸಿದ್ದಾರೆ.

ಬಾಯಿಪಾಠದ ಮಾತನ್ನು ಬಿಟ್ಟು ಸ್ವಂತವಾಗಿ ಮಾತಾಡುವ ಪಾತ್ರದಲ್ಲಿ ಬೇರೊಂದು ಅಪಾಯವೂ ಇದೆ. 2025ರ ಮೇ ತಿಂಗಳಲ್ಲಿ 'ಫೋರ್ಟ್‌ನೈಟ್' ಆಟಕ್ಕೆ ಡಾರ್ತ್ ವೇಡರನ ಪಾತ್ರವನ್ನು ಈ ರೀತಿಯಲ್ಲಿ ತಂದರು. ಧ್ವನಿಯು 2024ರಲ್ಲಿ ನಿಧನರಾದ ಜೇಮ್ಸ್ ಅರ್ಲ್ ಜೋನ್ಸ್ ಎಂಬ ನಟರ ಧ್ವನಿಯ ಅನುಕೃತಿ. ಇದಕ್ಕೆ ಅವರ ಕುಟುಂಬದವರ ಒಪ್ಪಿಗೆಯಿತ್ತು. ಆಟಗಾರರು ಸ್ವಲ್ಪ ಹೊತ್ತಿನಲ್ಲಿಯೇ ಅವನ ಬಾಯಿಂದ ಬೈಗುಳವನ್ನು ಹೊರಡಿಸಿದರು. ನಿರ್ಮಾಪಕರು ತಕ್ಷಣ ತಿದ್ದುಪಡಿ ಮಾಡಬೇಕಾಯಿತು. ನಟರ ಸಂಘವು ತನ್ನೊಡನೆ ಸಮಾಲೋಚಿಸದೆ ನಟರ ಕೆಲಸವನ್ನು ಯಂತ್ರಕ್ಕೆ ಕೊಟ್ಟರೆಂದು ದೂರು ಕೊಟ್ಟಿತು. ಬರೆದಿಟ್ಟ ಮಾತನ್ನಾಡುವ ಪಾತ್ರಕ್ಕೆ ಆ ಮಾತನ್ನು ಬರೆದವರೊಬ್ಬರು ಇರುತ್ತಾರೆ, ತಪ್ಪಾದರೆ ಉತ್ತರ ಹೇಳುವವರೂ ಅವರೇ. ಕ್ಷಣಕ್ಷಣಕ್ಕೆ ಹೊಸ ಮಾತನ್ನು ಕಟ್ಟುವ ಪಾತ್ರವು ಬಾಲಕಿಯೊಬ್ಬಳಿಗೆ ಏನು ಹೇಳಿತೆಂಬುದನ್ನು ಅವಳ ಹೊರತು ಮತ್ತಾರೂ ಕೇಳಿರುವುದಿಲ್ಲ.

ಹೀಗಿರಲಾಗಿ ನನ್ನ ಅಭಿಪ್ರಾಯವಿಷ್ಟು. ಯಂತ್ರಪಾತ್ರವು ಆಟಕ್ಕೆ ಬೇಕಾದಷ್ಟು ಜೀವಂತವಾಗಿರಲಿ. ನಾನು ಕಾಡಿನಲ್ಲಿ ಮಾಡಿಬಂದ ಕಾರ್ಯವನ್ನು ನೆನಪಿಟ್ಟು, ಅದಕ್ಕೆ ತಕ್ಕಂತೆ ನಡೆದುಕೊಳ್ಳಲಿ. ಹಗಲು ರಾತ್ರಿಗಳನ್ನರಿಯದೆ ನಿಂತಿರುವುದು ಹತ್ತು ಜನರಿಗೆ ಉಪಕಾರವಾದರೆ ನಿಂತೇ ಇರಲಿ. ಮನುಷ್ಯನೆಂದು ಭ್ರಮೆಗೊಳಿಸುವುದಕ್ಕೋಸ್ಕರವೇ ಸೇರಿಸಿದ ಸಜೀವತೆಯನ್ನು ಮಾತ್ರ ನಾನು ಒಪ್ಪಲಾರೆನು. ಇಷ್ಟರಿಂದಲೇ ಪ್ರಶ್ನೆಯು ಪರಿಹಾರವಾಯಿತೆಂದು ಎಣಿಸಿಕೊಂಡಿದ್ದೆನು. ಅದು ಸಾಲದೆಂದು ನನಗೆ ಕಲಿಸಿದವಳು ಆ ಒಂಬತ್ತನೆಯ ತರಗತಿಯ ಹುಡುಗಿಯೇ.

ಶಿಕ್ಷೆಯ ಬದಲಾಗಿ ಅವಳಿಗೆ ಒಂದು ಪ್ರಯೋಗವನ್ನು ವಿಧಿಸಿದ್ದೆನು. ಶನಿವಾರ ಸಂಜೆಗಳಲ್ಲಿ ನನ್ನ ಕೊಠಡಿಯಲ್ಲಿಯೇ ಕುಳಿತು ಇಪ್ಪತ್ತು ನಿಮಿಷ ಆಡತಕ್ಕದ್ದು, ಅಂಗಡಿಯವಳು ಆಡಿದ ಮಾತುಗಳನ್ನೆಲ್ಲಾ ತಾರೀಖು ಹಾಕಿ ನೋಟುಪುಸ್ತಕದಲ್ಲಿ ಬರೆಯತಕ್ಕದ್ದು. ಆರು ವಾರಗಳಲ್ಲಿ ಪುಟಗಳು ತುಂಬಿದವು. ಎರಡನೆಯ ವಾರದ ಕುಶಲಪ್ರಶ್ನೆಯೇ ಐದನೆಯ ವಾರದಲ್ಲಿಯೂ ಅಕ್ಷರಶಃ ಬಂದದ್ದನ್ನು ಅವಳೇ ಕಂಡುಹಿಡಿದು, ಕೆಂಪು ಶಾಯಿಯಿಂದ ಗೆರೆ ಎಳೆದಳು. ಮೋಸಹೋದೆನೆಂದು ಅಳುವಳೋ ಎಂದು ನಾನು ಅಂಜಿದ್ದೆನು. ಅವಳು ಅಳಲಿಲ್ಲ. "ಹೆಸರು ಹಿಡಿದು ಕರೆದರೆ ನನಗೆ ಬೇಸರವಿಲ್ಲ, ಅಮ್ಮಾ. ಅವಳು ಯಂತ್ರವೆಂದು ನನಗೆ ಗೊತ್ತೇ ಇತ್ತು. ಆದರೆ ನಿನ್ನೆ ಯಾಕೆ ಬರಲಿಲ್ಲವೆಂದು ಕೇಳಬಾರದು. ಹಾಗೆ ಕೇಳಿದರೆ ಹೋಗದೆ ಇರುವುದಕ್ಕೆ ಆಗುವುದಿಲ್ಲ," ಎಂದಳು. ವಿದ್ವಾಂಸರ ಗ್ರಂಥಗಳಲ್ಲಿ ನಾನು ಹುಡುಕುತ್ತಿದ್ದ ಗೆರೆಯನ್ನು ಅವಳು ಎಳೆದುಕೊಟ್ಟಿದ್ದಳು. ಆಟದೊಳಗಿರುವಾಗ ನಮ್ಮ ಜೊತೆಗೆ ಬರುವ ಜೀವಂತಿಕೆಯು ಬೇರೆ. ಆಟವನ್ನು ಬಿಟ್ಟೆದ್ದ ಮೇಲೆ ನಮ್ಮ ಸೆರಗನ್ನು ಹಿಡಿದೆಳೆಯುವ ಜೀವಂತಿಕೆಯು ಬೇರೆ. ತಾನು ಯಂತ್ರವೆಂದು ಸಾರಿ ಹೇಳಿಕೊಂಡೇ ಈ ಎರಡನೆಯದನ್ನು ಮಾಡುವ ಪಾತ್ರವೂ ಇರಬಹುದಷ್ಟೆ.

ಆ ನೋಟುಪುಸ್ತಕವನ್ನು ಅವಳ ಒಪ್ಪಿಗೆಯ ಮೇರೆಗೆ ನನ್ನ ಕೊಠಡಿಯ ಕಪಾಟಿನಲ್ಲಿಟ್ಟಿದ್ದೇನೆ. ಹೆಸರಿರುವ ಮೇಲಿನ ಹಾಳೆಯನ್ನು ತೆಗೆದಿದೆ. ಬೇಕಾದವರು ಕೇಳಿ ಪಡೆದು ಓದಬಹುದು. ಈ ವರ್ಷ ವಸತಿಗೃಹದ ರಾತ್ರಿಯ ಊಟದ ಪಂಕ್ತಿಯಲ್ಲಿ ನಾನೂ ಕೂಡುತ್ತಿದ್ದೇನೆ. ನೂರಹನ್ನೆರಡು ಹೆಸರುಗಳಲ್ಲಿ ಇನ್ನೂ ಒಂಬತ್ತು ನನಗೆ ತಪ್ಪುತ್ತವೆ.