ಸಾಕು ಎಂಬ ಸಂಪತ್ತು: ಸರಳ ಜೀವನ ಮತ್ತು ಆರೋಗ್ಯ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ನಮ್ಮ ಹಿರಿಯರು ಇದನ್ನು ಹಣಕಾಸಿನ ವಿಷಯದಲ್ಲಿ ಹೇಳುತ್ತಿದ್ದರು. ಆದರೆ ಇದು ಆರೋಗ್ಯಶಾಸ್ತ್ರದ ಸೂತ್ರವೂ ಹೌದು ಎಂಬುದು ನನಗೆ ಅರಿವಾದದ್ದು ನಿವೃತ್ತಿಯ ನಂತರ.

1979ರಲ್ಲಿ ಗದಗಿನಿಂದ ಹೊರಟು, ಮಿರಜದಲ್ಲಿ ಮೀಟರ್‌ಗೇಜ್ ಗಾಡಿ ಇಳಿದು, ಬ್ರಾಡ್‌ಗೇಜ್ ಗಾಡಿ ಹತ್ತಿ ಪುಣೆಗೆ ಬಂದಾಗ ನನ್ನ ಬಳಿ ಇದ್ದದ್ದು ಒಂದು ಟ್ರಂಕು ಮತ್ತು ಒಂದು ಹಾಸಿಗೆಯ ಸುರುಳಿ. ಪಿಂಪರಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿ, ಕೆಲವು ವರ್ಷಗಳ ಹಿಂದೆ ಸಣ್ಣ ಮನೆಗೆ ಸ್ಥಳಾಂತರಗೊಂಡಾಗ ಸಾಮಾನು ಸಾಗಿಸಲು ಒಂದು ಲಾರಿ ಸಾಲದಾಯಿತು. ಬಿಚ್ಚದೆಯೇ ಉಳಿದ ಪೆಟ್ಟಿಗೆಗಳು, ಒಮ್ಮೆಯೂ ಬಳಸದ ಯಂತ್ರಗಳು, ನಿಂತುಹೋದ ಮೂರು ಗಡಿಯಾರಗಳು. ಅದೇ ವಾರ ವೈದ್ಯರು ನನ್ನ ರಕ್ತ ಪರೀಕ್ಷೆಯ ವರದಿಯನ್ನು ನೋಡಿ, ಸಕ್ಕರೆಯ ಅಂಶ ಮಿತಿ ಮೀರಿದೆಯೆಂದು ತಿಳಿಸಿದರು. ಮನೆಯಲ್ಲಿ ತುಂಬಿದ್ದ ಹೆಚ್ಚುವರಿಯೇ ಮೈಯಲ್ಲಿಯೂ ತುಂಬಿತ್ತು. ಇವೆರಡೂ ಒಂದೇ ರೋಗದ ಎರಡು ಮುಖಗಳಿರಬಹುದೇ ಎಂಬ ಪ್ರಶ್ನೆಯಿಂದ ಈ ಲೇಖನ ಹುಟ್ಟಿದೆ.

ಕಲ್ಯಾಣದ ಅಂಗಳದಲ್ಲಿ

ಬೇಕು ಬೇಡಗಳ ವಿಚಾರ ನಮಗೆ ಹೊರಗಿನಿಂದ ಬಂದದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದರು. ನಮ್ಮಂತೆಯೇ ಊರು ಬಿಟ್ಟು ದೊಡ್ಡ ನಗರವನ್ನು ಸೇರಿದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ನಿತ್ಯದ ಅಳತೆಗಿಂತ ಹೆಚ್ಚಾದುದು ಆಸೆಯ ಗುರುತೆಂದು ಹೇಳಿ, ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿಸಿದಳು.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಕ್ಕಮ್ಮ ತನ್ನ ಮನೆಯ ಅಳತೆಯನ್ನು ತಾನೇ ನಿರ್ಧರಿಸಿದಳು. ಬಡತನವು ಹೊರಗಿನಿಂದ ಹೇರಲ್ಪಡುವುದು. ಸರಳತೆ ಒಳಗಿನಿಂದ ಆರಿಸಿಕೊಳ್ಳುವುದು. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಂಡರೂ ಅವುಗಳ ನಡುವಿನ ಅಂತರ ಅಪಾರ.

ಬುಧವಾರ ಪೇಟೆಯ ಪ್ರಾಧ್ಯಾಪಕಿ

ಅಂತಹ ಆಯ್ಕೆಯನ್ನು ನಮ್ಮ ಕಾಲದಲ್ಲಿ, ನಮ್ಮ ಈ ಪುಣೆಯಲ್ಲಿಯೇ ಮಾಡಿ ತೋರಿಸಿದವರು ಡಾ. ಹೇಮಾ ಸಾನೆ. 1940ರಲ್ಲಿ ಜನಿಸಿದ ಇವರು ಸಸ್ಯಶಾಸ್ತ್ರದಲ್ಲಿ ಪುಣೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಗರವಾರೆ ಕಾಲೇಜಿನಲ್ಲಿ ಬಹುಕಾಲ ಪ್ರಾಧ್ಯಾಪಕಿಯಾಗಿದ್ದರು. ಸಸ್ಯಗಳು ಮತ್ತು ಪರಿಸರವನ್ನು ಕುರಿತು ಅನೇಕ ಗ್ರಂಥಗಳನ್ನು ಬರೆದರು. ಬುಧವಾರ ಪೇಟೆಯಲ್ಲಿದ್ದ ಅವರ ಮನೆಗೆ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಪಂಖೆಯಿಲ್ಲ, ಫ್ರಿಜ್ ಇಲ್ಲ, ಟೆಲಿವಿಷನ್ ಇಲ್ಲ. ಗ್ರಂಥರಚನೆಯೆಲ್ಲವೂ ಹಗಲಿನ ಬೆಳಕಿನಲ್ಲಿ ಮತ್ತು ಸಣ್ಣ ದೀಪದ ಬಳಿ ನಡೆಯಿತು.

ಬುಧವಾರ ಪೇಟೆಯನ್ನು ಬಲ್ಲ ವಾಚಕರಿಗೆ ಇದರ ವಿಶೇಷವು ಕೂಡಲೇ ಹೊಳೆಯುವುದು. ರೇಡಿಯೋ ಬಿಡಿಭಾಗದಿಂದ ಹಿಡಿದು ಹೊಸ ಮಾದರಿಯ ದೀಪದವರೆಗೆ ಪುಣೆಯ ಜನ ವಿದ್ಯುತ್ ಸಾಮಗ್ರಿಗಳನ್ನು ಕೊಳ್ಳಲು ಹೋಗುವುದೇ ಆ ಪೇಟೆಗೆ. ಆ ಮಾರುಕಟ್ಟೆಯ ನಡುವೆ, ಮರಗಿಡಗಳು ಸುತ್ತುವರಿದ ಒಂದು ಹಳೆಯ ಮನೆಯಲ್ಲಿ ಈ ವಿದುಷಿ ಹಕ್ಕಿಗಳೊಡನೆ ವಾಸವಾಗಿದ್ದರು. ಆ ಜಾಗವು ನಾಯಿ, ಬೆಕ್ಕು, ಮುಂಗುಸಿ, ಪಕ್ಷಿಗಳಿಗೆ ಸೇರಿದ್ದು, ತಾವು ಅದನ್ನು ನೋಡಿಕೊಳ್ಳುವವರು ಮಾತ್ರ ಎಂಬುದು ಅವರ ಭಾವನೆಯಾಗಿತ್ತು. ಅವರನ್ನು ಹುಚ್ಚರೆಂದವರೂ ಇದ್ದರು. ಅವರಾದರೋ ಯಾರಿಗೂ ಉಪದೇಶ ಮಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಬೇಕು ಎಂಬ ಬುದ್ಧನ ನಿಲುವೇ ತಮ್ಮದೆಂದರು. 2025ರ ಸೆಪ್ಟೆಂಬರಿನಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ವಿದ್ಯುತ್ತನ್ನು ಬಿಟ್ಟದ್ದರಿಂದಲೇ ಅವರು ಅಷ್ಟು ಕಾಲ ಬಾಳಿದರು ಎಂದು ಹೇಳುವುದು ಶಾಸ್ತ್ರೀಯವಾಗದು. ಒಬ್ಬರ ಜೀವನದಿಂದ ವೈದ್ಯಕೀಯ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ನಾವು ಅನಿವಾರ್ಯವೆಂದು ತಿಳಿದ ವಸ್ತುಗಳಿಲ್ಲದೆಯೇ ವಿದ್ವತ್ತು, ದುಡಿಮೆ ಮತ್ತು ಸಂತೋಷ ಸಾಧ್ಯ ಎಂಬುದಕ್ಕೆ ಅವರ ಬದುಕು ಸಾಕ್ಷಿಯಾಗಿದೆ.

ಎರಡು ಉರುಳಿಗಳು

ಸರಳ ಜೀವನ ಮತ್ತು ಆರೋಗ್ಯಗಳ ನಂಟಿಗೆ ಪುಣೆಯಲ್ಲಿ ಹಳೆಯ ಇತಿಹಾಸವಿದೆ. 1942ರಲ್ಲಿ ಇಲ್ಲಿಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಮಹಾತ್ಮ ಗಾಂಧಿಯವರು ಗಾಳಿ, ನೀರು, ಆಹಾರ, ಸಂಯಮಗಳನ್ನು ಕುರಿತ ತಮ್ಮ ಆರೋಗ್ಯದ ಕಿರುಪುಸ್ತಕವನ್ನು ಬರೆದರು. ಡಾ. ದಿನಶಾ ಮೆಹತಾ ಅವರ ನಿಸರ್ಗ ಚಿಕಿತ್ಸಾಲಯದಲ್ಲಿ ಅವರು ಹಲವು ಬಾರಿ ತಂಗಿದ್ದರು. ಬಾಪು ಭವನವೆನಿಸಿದ ಆ ಸ್ಥಳದಲ್ಲಿ ಮುಂದೆ ರಾಷ್ಟ್ರೀಯ ನಿಸರ್ಗ ಚಿಕಿತ್ಸಾ ಸಂಸ್ಥೆ ನೆಲೆಗೊಂಡಿತು. 1946ರ ಮಾರ್ಚಿಯಲ್ಲಿ ಗಾಂಧೀಜಿ ಪುಣೆಯಿಂದ ಸುಮಾರು 30 ಕಿಲೋಮೀಟರ್ ದೂರದ ಉರುಳಿ ಕಾಂಚನಕ್ಕೆ ಹೋಗಿ, ಹಳ್ಳಿಯ ರೋಗಿಗಳಿಗೆ ಪಥ್ಯ, ಜಲಸ್ನಾನ, ಮಣ್ಣಿನ ಪಟ್ಟಿಗಳ ಚಿಕಿತ್ಸೆಯನ್ನು ಆರಂಭಿಸಿದರು. ಬಡವನಿಗೆ ಎಟುಕುವ ವಸ್ತುಗಳಿಂದಲೇ ಆರೋಗ್ಯ ದೊರೆಯಬೇಕೆಂಬುದು ಅವರ ಆಶಯ. ಆಶ್ರಮದ ಹೊಣೆಯನ್ನು ಹೊತ್ತ ತರುಣ ಮಣಿಭಾಯಿ ದೇಸಾಯಿಯವರು ಬಾಳನ್ನೆಲ್ಲ ಆ ಗ್ರಾಮಕ್ಕೇ ಮುಡಿಪಾಗಿಟ್ಟರು; 1967ರಲ್ಲಿ ಗೋಪಾಲನೆ ಮತ್ತು ಕೃಷಿಯ ಏಳಿಗೆಗಾಗಿ ಬೈಫ್ ಸಂಸ್ಥೆಯನ್ನು ಸ್ಥಾಪಿಸಿದರು; 1982ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. ಸೊಲ್ಲಾಪುರ, ಕಲಬುರಗಿಗಳ ಕಡೆಗೆ ರೈಲಿನಲ್ಲಿ ಹೋಗುವ ನಮ್ಮವರು ಉರುಳಿ ನಿಲ್ದಾಣದ ಹಲಗೆಯನ್ನು ನೋಡಿಯೇ ಇರುತ್ತಾರೆ.

ಪುಣೆಯ ಬಳಿ ಇನ್ನೊಂದು ಉರುಳಿಯೂ ಇದೆ: ಉರುಳಿ ದೇವಾಚಿ. ನಗರದ ಕಸವು ವರ್ಷಾನುವರ್ಷ ಲಾರಿಗಳಲ್ಲಿ ಸಾಗಿ ಗುಡ್ಡವಾಗಿ ಬಿದ್ದದ್ದು ಅಲ್ಲಿ. ದುರ್ವಾಸನೆ, ಹೊಗೆ ಮತ್ತು ಕೆಟ್ಟ ಬಾವಿನೀರಿನಿಂದ ಬೇಸತ್ತ ಆ ಗ್ರಾಮಸ್ಥರೂ ನೆರೆಯ ಫುರ್ಸುಂಗಿಯವರೂ ಅನೇಕ ಬಾರಿ ಲಾರಿಗಳನ್ನು ತಡೆದು ಪ್ರತಿಭಟಿಸಿದರು. ಒಂದು ಉರುಳಿಯಲ್ಲಿ ಜನರು ಮಿತಾಹಾರದಿಂದ ಆರೋಗ್ಯವನ್ನು ಅರಸಿದರು. ಮತ್ತೊಂದು ಉರುಳಿಯ ಜನರು ನಮ್ಮ ಅತಿಭೋಗದ ಶೇಷದಿಂದ ಆರೋಗ್ಯವನ್ನು ಕಳೆದುಕೊಂಡರು. ನಾವು ಬಿಸುಡಿದ ವಸ್ತು ಮಾಯವಾಗುವುದಿಲ್ಲ. ಬೇರೊಬ್ಬರ ಅಂಗಳಕ್ಕೆ ಹೋಗಿ ಬೀಳುತ್ತದೆ. 1993ರಲ್ಲಿ ಸಂಘಟಿತರಾದ ಪುಣೆಯ ಚಿಂದಿ ಆಯುವವರು, ಅವರಲ್ಲಿ ಬಹುಪಾಲು ಮಹಿಳೆಯರು, ಮುಂದೆ ‘ಸ್ವಚ್ಛ’ ಎಂಬ ತಮ್ಮದೇ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡು ಮನೆಮನೆಯ ಕಸವನ್ನು ಕೈಯಾರೆ ವಿಂಗಡಿಸತೊಡಗಿದರು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತದೆ ಎಸೆದರೆ ಕೊಯ್ಯುವುದು ಅವರ ಬೆರಳನ್ನು.

ಶರೀರದ ದೃಷ್ಟಿಯಿಂದ

ಇನ್ನು ನಮ್ಮ ಶರೀರದ ಕಡೆಗೆ ಗಮನ ಹರಿಸೋಣ. ಕತ್ತಲಾದ ಮೇಲೆ ಮೆದುಳಿನೊಳಗಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ, ದೇಹವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ರಾತ್ರಿಯ ಪ್ರಖರ ಬೆಳಕು, ವಿಶೇಷವಾಗಿ ಟೆಲಿವಿಷನ್ ಮತ್ತು ಮೊಬೈಲುಗಳ ನೀಲಿ ಛಾಯೆಯ ಬೆಳಕು, ಈ ಸ್ರಾವವನ್ನು ತಗ್ಗಿಸುತ್ತದೆ. ನಿದ್ರೆ ಕುಂದಿದರೆ ಹಸಿವು ಹೆಚ್ಚುತ್ತದೆ. ಇನ್ಸುಲಿನ್ನಿನ ಕಾರ್ಯಕ್ಷಮತೆ ಕುಗ್ಗುತ್ತದೆ. ಮಲಗುವ ಒಂದು ಗಂಟೆ ಮೊದಲು ದೀಪಗಳನ್ನು ಮಂದಗೊಳಿಸಲು ಕಾಸು ಖರ್ಚಿಲ್ಲ.

ಆಹಾರದಲ್ಲಿಯೂ ಇದೇ ಪಾಠವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸಗಳ ಸಕ್ಕರೆಯೆಲ್ಲ ಸೇರಿ, 2000 ಕ್ಯಾಲೊರಿಯ ಆಹಾರದಲ್ಲಿ 50 ಗ್ರಾಮಿನೊಳಗಿರಬೇಕು. 25 ಗ್ರಾಮಿನೊಳಗಿದ್ದರೆ ಇನ್ನೂ ಮೇಲು. ದಿನಕ್ಕೆ ನಾಲ್ಕು ಕಪ್ ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ ಆಗಲೇ ಸುಮಾರು 32 ಗ್ರಾಂ ಆಯಿತು. ಪೊಟ್ಟಣದ ತಿಂಡಿಗಳಲ್ಲಿ ಅಡಗಿರುವ ಉಪ್ಪು ಸಕ್ಕರೆಗಳ ಲೆಕ್ಕ ಬೇರೆ. ಈ ವಿಷಯದಲ್ಲಿ ಪುಣೆಯ ಕನ್ನಡಿಗರು ಭಾಗ್ಯವಂತರು. ನಮ್ಮ ಜೋಳದ ರೊಟ್ಟಿಯೇ ಇಲ್ಲಿಯ ಭಾಕರಿ. ಜೋಳ, ಸಜ್ಜೆ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿಗಳು ಇಲ್ಲಿಯ ಮಂಡಿಗಳಲ್ಲಿ ಹೇರಳವಾಗಿವೆ. ಆದರೆ ಜೋಳವೂ ಪಿಷ್ಟವೇ. ಮಧುಮೇಹಿಗಳು ರೊಟ್ಟಿಯ ಎಣಿಕೆಯನ್ನು ಮರೆಯಬಾರದು.

ಮೂರನೆಯದು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಅಗತ್ಯವೆಂದು ಅದೇ ಸಂಸ್ಥೆ ಹೇಳುತ್ತದೆ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದು ಹೆಸರಾಗಿದ್ದ ಪುಣೆಯಲ್ಲಿ ಈಗ ಬೀದಿಯ ತುದಿಯ ಅಂಗಡಿಗೂ ಸ್ಕೂಟರ್ ಏರುತ್ತೇವೆ. ಆಮೇಲೆ ನಡೆಯುವ ಯಂತ್ರವನ್ನು ಕಂತಿನಲ್ಲಿ ಕೊಂಡು ಅದರ ಮೇಲೆ ಬಟ್ಟೆ ಒಣಹಾಕುತ್ತೇವೆ. ಕಂತು ತೀರಿಸುವ ಚಿಂತೆಯಿಂದ ನಿದ್ರೆಯೂ ದೂರವಾಗುತ್ತದೆ.

ಒಂದು ಎಚ್ಚರಿಕೆ

ಇದನ್ನೆಲ್ಲ ಓದಿದ ಉತ್ಸಾಹದಲ್ಲಿ ನಾನೊಮ್ಮೆ ಮನೆಯ ಮಿಕ್ಸರನ್ನು ಕೊಟ್ಟುಬಿಡೋಣವೆಂದು ಸೂಚಿಸಿದೆ. ನನ್ನ ಮನೆಯವರು ತಣ್ಣಗೆ ಕೇಳಿದರು: “ಸರಳ ಜೀವನ ನಿಮ್ದು, ರುಬ್ಬೂ ಕಲ್ಲು ನಂದು, ಹೌದಲ್ರೀ?” ನನ್ನಲ್ಲಿ ಉತ್ತರವಿರಲಿಲ್ಲ. ಬೀಸುವ, ರುಬ್ಬುವ, ನೀರು ಸೇದುವ ಶ್ರಮದಲ್ಲಿ ನಮ್ಮ ತಾಯಂದಿರ ಸೊಂಟಗಳು ಬಾಗಿದ್ದವು. ಆ ಶ್ರಮವನ್ನು ತಗ್ಗಿಸಿದ ಯಂತ್ರವು ಭೋಗವಸ್ತುವಲ್ಲ. ಕಟ್ಟಿಗೆ ಒಲೆಯ ಹೊಗೆ ಶ್ವಾಸಕೋಶಗಳಿಗೆ ಹಾನಿಕರ. ಇನ್ಸುಲಿನ್ನಿನ ಶೇಖರಣೆಗೆ ಫ್ರಿಜ್ ಬೇಕು. ವೃದ್ಧರಿಗೆ ಬೇಸಗೆಯಲ್ಲಿ ಪಂಖೆ ಬೇಕು. ಹೇಮಾ ಸಾನೆಯವರು ತಮ್ಮ ಸರಳತೆಯ ಭಾರವನ್ನು ತಾವೇ ಹೊತ್ತರು. ತನ್ನ ಸರಳತೆಯ ಭಾರವನ್ನು ಮನೆಯವರ ಮೇಲೆ ಹೇರುವವನು ಕೇವಲ ಜಿಪುಣ.

ಶ್ರಮಕ್ಕೆ ಗೌರವವಿಲ್ಲದ ಸರಳತೆ ನಿಲ್ಲಲಾರದು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಲು ನಂಜನಗೂಡು ತಾಲ್ಲೂಕಿನ ಬದನವಾಳನ್ನು ಆರಿಸಿಕೊಂಡದ್ದು ಇದೇ ಕಾರಣದಿಂದ ಅರ್ಥಪೂರ್ಣ. 1927ರಲ್ಲಿ ಗಾಂಧೀಜಿ ಭೇಟಿಯಿತ್ತ ಆ ಖಾದಿ ಕೇಂದ್ರವು ಕಾಲಕ್ರಮೇಣ ಸೊರಗಿತ್ತು. ಕಡಿಮೆ ಕೊಳ್ಳುವುದರ ಜೊತೆಗೆ, ಕೊಳ್ಳುವ ಅಲ್ಪವನ್ನು ಕೈಯಿಂದ ದುಡಿಯುವವರಿಂದ ನ್ಯಾಯವಾದ ಬೆಲೆಗೆ ಕೊಳ್ಳಬೇಕೆಂಬುದು ಕೈಮಗ್ಗದ ಹೋರಾಟದ ಸಾರ.

ನಾವು ಮಾಡಬಹುದಾದದ್ದು

ಫ್ಲ್ಯಾಟಿನಲ್ಲಿ ವಾಸಿಸುವ ಸಾಮಾನ್ಯ ಕುಟುಂಬಕ್ಕೆ ಸಾಧ್ಯವಾಗುವ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸಬಹುದು:

1. ಲಕ್ಷ್ಮೀ ರಸ್ತೆಯಲ್ಲಿ ಕಣ್ಣಿಗೆ ಬಿದ್ದ ವಸ್ತುವನ್ನು ಅಂದೇ ಕೊಳ್ಳದೆ ಒಂದು ತಿಂಗಳು ಕಾಯುವುದು. ಆಗಲೂ ಬೇಕೆನಿಸಿದರೆ ಕೊಳ್ಳುವುದು.

2. ರಾತ್ರಿಯ ಊಟದ ನಂತರ ಪರದೆಗಳನ್ನು ಆರಿಸಿ, ಮನೆಮಂದಿಯೆಲ್ಲ ಮಾತನಾಡುವುದು. ಮಕ್ಕಳಿಗೆ ಕನ್ನಡ ಕಲಿಸಲು ಇದಕ್ಕಿಂತ ಉತ್ತಮ ಸಮಯವಿಲ್ಲ.

3. ಒಂದು ಕಿಲೋಮೀಟರಿನೊಳಗಿನ ಕೆಲಸಗಳಿಗೆ ನಡೆದೇ ಹೋಗುವುದು. ಕೈಯಲ್ಲಿ ಬಟ್ಟೆಯ ಚೀಲವಿರಲಿ.

4. ಹಸಿ ಕಸ ಒಣ ಕಸಗಳನ್ನು ಬೇರ್ಪಡಿಸಿ ಕೊಡುವುದು. ಗಾಜು ಮತ್ತು ಸೂಜಿಗಳನ್ನು ಭದ್ರವಾಗಿ ಸುತ್ತಿ ಗುರುತು ಮಾಡುವುದು.

5. ಕೆಟ್ಟ ವಸ್ತುವನ್ನು ಎಸೆಯುವ ಮೊದಲು ರಿಪೇರಿಗೆ ಯತ್ನಿಸುವುದು.

6. ಮದುವೆ ಮುಂಜಿಗಳಲ್ಲಿ ಭಕ್ಷ್ಯಗಳ ಸಂಖ್ಯೆಯನ್ನು ಇಳಿಸುವುದು. ನಮ್ಮ ಸಂಘದ ಸಮಾರಂಭಗಳಿಂದಲೇ ಇದು ಆರಂಭವಾಗಲಿ.

7. ಮಧುಮೇಹ, ರಕ್ತದೊತ್ತಡ ಇರುವವರು ವೈದ್ಯರ ಸಲಹೆಯಿಲ್ಲದೆ ಉಪವಾಸಗಳನ್ನು ಕೈಗೊಳ್ಳಬಾರದು, ಔಷಧಿಗಳನ್ನು ನಿಲ್ಲಿಸಲೂಬಾರದು.

ನಾನೀಗ ಪ್ರತಿದಿನ ಮುಂಜಾನೆ ತರಕಾರಿಗೆ ನಡೆದು ಹೋಗುತ್ತೇನೆ. ಔಷಧಿ, ಪಥ್ಯ, ನಡಿಗೆಗಳಿಂದ ರಕ್ತದ ಸಕ್ಕರೆ ಹತೋಟಿಗೆ ಬಂದಿದೆ. ಮಿಕ್ಸರ್ ಅಡಿಗೆಮನೆಯಲ್ಲಿ ತನ್ನ ಸ್ಥಾನದಲ್ಲಿಯೇ ಇದೆ. ಚಟ್ನಿ ತಿರುವುವ ಕೆಲಸ ಮಾತ್ರ ಈಗ ನನ್ನ ಪಾಲಿಗೆ ಬಂದಿದೆ. ಬಿಚ್ಚದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅಗತ್ಯವಿದ್ದವರ ಮನೆಗಳನ್ನು ಸೇರಿವೆ. ಗದಗಿನಿಂದ ತಂದ ಟ್ರಂಕನ್ನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಹಿಡಿಯುವಷ್ಟು ಬಟ್ಟೆಗಳೇ ನನ್ನ ಅಳತೆ. ಪ್ರತಿಯೊಬ್ಬ ವಾಚಕರೂ ತಮ್ಮ ಅಳತೆಯನ್ನು ತಾವೇ ಕಂಡುಕೊಳ್ಳಲಿ. ಲಕ್ಕಮ್ಮನಂತೆ ಒಂದು ದಿನವಾದರೂ ಹೆಚ್ಚಾದುದನ್ನು ಮರಳಿಸಿ ನೋಡಲಿ ಎಂದು ಹಾರೈಸುತ್ತೇನೆ.